ಜಬ್ಬಾರ್ ಸಾಬರ ಸ್ಕ್ರೂಡ್ರೈವರ್

ಶಿರಾದ ಜಬ್ಬಾರ್ ಸಾಬರು ಇಂಜಿನ್ನನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಮರದ ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚುತ್ತಿದ್ದರು. ಹಾರಲು ಕಲಿಸುವ ಸಣ್ಣ ವಿಮಾನಗಳ ಇಂಜಿನ್ ರಿಪೇರಿ ಮಾಡಿ ರಿಟೈರಾದವರು. ಊರಿಗೆ ಬಂದ ಮೇಲೆ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮಿಷನ್ನು, ಏನು ಸಿಕ್ಕರೂ ಬಿಚ್ಚುತ್ತಿದ್ದರು.

ಸಿದ್ದರಬೆಟ್ಟದ ಕೆಳಗೆ ನನ್ನದು ಕಬ್ಬಿನ ಹಾಲಿನ ಗಾಡಿ. ಪೆಟ್ರೋಲ್ ಇಂಜಿನ್ನು. ಎಲ್ಲರಂತೆ ನಾನೂ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸುತ್ತಿದ್ದೆ. ಇಂಜಿನ್ನು ಟಣ್ ಟಣ್ ಅನ್ನತೊಡಗಿತು. ಗಿರಾಕಿ ಕರೆಯಲು ಗಂಟೆ ಕಟ್ಟುವುದು ತಪ್ಪಿತು ಅಂದುಕೊಂಡೆ.

ಒಂದು ಶನಿವಾರ ಸಾಬರು ಬಸ್ಸಿಳಿದವರೇ ಕೂಗಿದರು.

"ಆರ್ಸಮ್ಮ ಆ ಇಂಜಿನ್ನ!"

"ಯಾಕಾರ್ಸ್ಲಿ? ಬೇಕಾದ್ರೆ ಕುಡಿ, ಇಲ್ದಿದ್ರೆ ನೆಳ್ಳು ಬುಟ್ಟು ಅತ್ಲಾಗ್ ನಿಂತ್ಕೊ."

"ಸೀಮೆಎಣ್ಣೆ ಬೆರ್ಸಿದ್ದೀಯ?"

"ಇಲ್ಲ ಕಣಯ್ಯ."

ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. ಬೈಯಲಿಲ್ಲ. ಚೀಟಿಯಲ್ಲಿ ಫೋನ್ ನಂಬರು ಬರೆದು ಕಬ್ಬಿನ ಕಟ್ಟಿಗೆ ಸಿಕ್ಕಿಸಿ ಹೋದರು.

ಮಾರನೆಯ ಬೆಳಿಗ್ಗೆ ಇಂಜಿನ್ನು ನಿಂತಿತು. ಬೆಟ್ಟಕ್ಕೆ ಜನ ಬರುವುದು ಸೋಮವಾರ. ಆ ಒಂದು ದಿನದ ವ್ಯಾಪಾರದಲ್ಲಿ ನನ್ನ ವಾರ ನಡೆಯಬೇಕು. ನಾಚಿಕೆ ಬಿಟ್ಟು ಫೋನ್ ಮಾಡಿದೆ. ಸಾಬರು ಬಂದು, ಬಿಚ್ಚಿ, ಪಿಸ್ಟನ್ನನ್ನು ನನ್ನ ಕೈಗಿಟ್ಟರು. ಅದರ ತಲೆಯಲ್ಲಿ ತೂತು. ನನ್ನ ಬೆರಳು ತೂರಿತು. ಸೀಮೆಎಣ್ಣೆಯ ಜೊತೆಗೆ, ಆ ಸದ್ದನ್ನು ಗಂಟೆ ಅಂದುಕೊಂಡದ್ದನ್ನೂ ಒಪ್ಪಿಕೊಂಡೆ. ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ.

"ಪೆಟ್ರೋಲು ಉರೀಬೇಕಮ್ಮ, ಸಿಡೀಬಾರ್ದು. ಸೀಮೆಎಣ್ಣೆ ಬೆರ್ಸಿದ್ರೆ ಸಿಡೀತೈತೆ. ಸಿಡಿದಾಗೆಲ್ಲ ಪಿಸ್ಟನ್ ತಲೆ ಮ್ಯಾಲೆ ಸುತ್ತಿಗೆ ಏಟು. ಇಮಾನ್ದಾಗೆ ಫ್ಯಾನಿನ ಗದ್ಲಕ್ಕೆ ಈ ಸದ್ದು ಪೈಲಟ್‌ಗೆ ಕೇಳ್ಸಾದೇ ಇಲ್ಲ. ನಿನ್ ಇಂಜಿನ್ನು ಪಾಪ, ಬಾಯ್ಬುಟ್ಟು ಹೇಳ್ತಿತ್ತು. ಗಂಟೆಯಂತೆ ಗಂಟೆ!"

ಸಂಜೆಯೊಳಗೆ ಬೇರೆ ಪಿಸ್ಟನ್ ತಂದು ಕೂರಿಸಿದರು. ಸೋಮವಾರ ಗಾಡಿ ನಡೆಯಿತು. ಸೀಮೆಎಣ್ಣೆಯ ಕ್ಯಾನನ್ನು ಅವತ್ತೇ ಎಸೆದೆ. ಆಮೇಲೆ ಸಾಬರು ತಿಂಗಳಿಗೊಮ್ಮೆ ಬರುತ್ತಿದ್ದರು. ಮೊದಲು ಇಂಜಿನ್ ಕೇಳುವುದು, ಆಮೇಲೆ ಲೋಟ ಹಿಡಿಯುವುದು.

ಕೊನೆಯ ಸಲ ಬಂದಾಗ ಕಿವಿ ಪೂರ್ತಿ ಹೋಗಿತ್ತು.

"ಇನ್ನೇನ್ ಕೇಳ್ತೀಯ ಸಾಬ್ರೇ, ಕೂತ್ಕೊ!" ಎಂದು ಕಿರುಚಿದೆ.

ಅವರು ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಇಂಜಿನ್ನಿಗೆ ಒತ್ತಿ, ಕಣ್ಣು ಮುಚ್ಚಿದರು. ಸದ್ದು ಹಲ್ಲಿನಿಂದ ತಲೆಬುರುಡೆಗೆ ಹತ್ತುತ್ತದಂತೆ.

"ಚೆನ್ನಾಗೈತೆ. ಶುಂಠಿ ಜಾಸ್ತಿ ಹಾಕು," ಎಂದರು. ಹೋಗುವಾಗ ಸ್ಕ್ರೂಡ್ರೈವರನ್ನು ನನ್ನ ಗಾಡಿಯ ಮೇಲಿಟ್ಟರು. "ಇಟ್ಕೊ, ನಂಗಿನ್ಯಾಕೆ?"

ಆ ಚಳಿಗಾಲದಲ್ಲೇ ತೀರಿಕೊಂಡರು. ಹಿಡಿಯ ಮೇಲೆ ಅವರ ಹಲ್ಲಿನ ಗುರುತಿದೆ. ದಿನಾ ಮೊದಲ ಕಬ್ಬು ಹಾಕುವ ಮುಂಚೆ ಇಂಜಿನ್ನಿಗೆ ಒತ್ತಿ ಕೇಳುತ್ತೇನೆ. ಸದ್ಯ ನನ್ನ ಕಿವಿ ಗಟ್ಟಿಯಾಗಿದೆ. ಅದು ಹೋದರೆ ಕಷ್ಟ. ಬಾಯಲ್ಲಿ ಒಂದು ಹಲ್ಲೂ ಇಲ್ಲ.