ಒಳಗಿನ ಕಂಪ್ಯೂಟರಿಗೆ ಅಮಾವಾಸ್ಯೆ

ತೆಂಗಿನಕಾಯಿಯ ನೀರು, ಊದಿನಕಡ್ಡಿಯ ಹೊಗೆ, ಬಿಸಿಯಾದ ಕಂಪ್ಯೂಟರಿನ ಧೂಳು. ಈ ಮೂರೂ ಕೂಡಿದ ವಾಸನೆ ಬೇರೆ ಕಾಲೇಜುಗಳಲ್ಲಿ ಇರುತ್ತದೋ ಇಲ್ಲವೋ ನನಗೆ ತಿಳಿಯದು. ಬಸವನ ಬಾಗೇವಾಡಿಯಲ್ಲಿ ನಾನು ಪಾಠ ಹೇಳುವ ಕಾಲೇಜಿನ ಲ್ಯಾಬಿನಲ್ಲಿ ತಿಂಗಳಿಗೊಮ್ಮೆ ಇರುತ್ತದೆ. ಅಮಾವಾಸ್ಯೆ ಬಂತೆಂದರೆ ಕಾಲೇಜಿನ ಸಿಪಾಯಿ ಬಸಣ್ಣ ಬೆಳಿಗ್ಗೆಯೇ ಒದ್ದೆ ಅರಿವೆ, ಕುಂಕುಮದ ಬಟ್ಟಲು ಹಿಡಿದು ಬರುತ್ತಾನೆ. ನಮ್ಮ ಕಡೆ ಹಿಟ್ಟಿನ ಗಿರಣಿಗೆ, ಟ್ರ್ಯಾಕ್ಟರಿಗೆ, ಹೊಲಿಗೆ ಯಂತ್ರಕ್ಕೆ ಅವತ್ತು ಬಿಡುವು ಮತ್ತು ಪೂಜೆ. ಕಂಪ್ಯೂಟರು ಬಂದ ಮೇಲೆ ಅದನ್ನೂ ಆ ಸಾಲಿಗೇ ಸೇರಿಸಿಕೊಂಡಿದ್ದೇವೆ.

ಮೊನ್ನೆಯೂ ಬಂದ. "ಮೇಡಂ, ಎಲ್ಲಾ ಬಂದ್ ಮಾಡ್ಲೇನ್ರಿ? ಒರೆಸಿ ಕುಂಕುಮ ಹಚ್ಚತೇನಿ" ಎಂದ.

"ತಡೀರಿ!" ಎಂದೆ. ಎಷ್ಟು ಜೋರಾಗಿ ಎಂದೆನೆಂದರೆ, ಎರಡು ವರ್ಷದಿಂದ ನನ್ನ ದನಿಯನ್ನು ಸರಿಯಾಗಿ ಕೇಳಿಯೇ ಇರದ ಹಿಂದಿನ ಬೆಂಚಿನ ಹುಡುಗಿಯರು ತಲೆ ಎತ್ತಿ ನೋಡಿದರು. ಬಸಣ್ಣ ಅರಿವೆ ಹಿಡಿದು ನಿಂತುಬಿಟ್ಟ. ಅವನು ಅಲ್ಲೇ ನಿಂತಿರಲಿ. ನಾನು ಕೂಗಿದ್ದೇಕೆಂದು ನಿಮಗೆ ಹೇಳಬೇಕು. ಅದಕ್ಕೆ ಸಿಂದಗಿಗೆ ಹೋಗಬೇಕಾಗುತ್ತದೆ.

ಎಂ.ಎಸ್ಸಿ. ಮುಗಿಸಿ, ಕೆಲಸ ಸಿಗುವವರೆಗೆ ಊರಿನಲ್ಲಿದ್ದ ಒಂದು ವರ್ಷ ಅದು. ಸಿಂದಗಿಯ ಬಸ್‌ಸ್ಟ್ಯಾಂಡಿನ ಹಿಂದೆ ನನ್ನ ಕಾಕಾನ ಡಿಟಿಪಿ ಅಂಗಡಿ ಇತ್ತು, ಈಗಲೂ ಇದೆ. ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ, ಜಾಹೀರಾತಿನ ಹಸ್ತಪತ್ರಿಕೆ ಎಲ್ಲ ಅಲ್ಲೇ ಟೈಪಾಗಿ, ಹಿಂದಿನ ಕೋಣೆಯಲ್ಲಿ ಅಚ್ಚಾಗುತ್ತಿದ್ದವು. ಟೈಪು ಮಾಡುತ್ತಿದ್ದವಳು ಗಿರಿಜಕ್ಕ. ನಲವತ್ತು ದಾಟಿದವಳು; ಹನ್ನೆರಡು ವರ್ಷದಿಂದ ಅದೇ ಕುರ್ಚಿ, ಅದೇ ಕೀಲಿಮಣೆ. ಕೀಲಿಮಣೆಯ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಅವಳಿಗೆ ಅದರಿಂದ ತೊಂದರೆಯೇ ಇರಲಿಲ್ಲ. ಗಿರಾಕಿಯ ಜೊತೆ ಮಾತಾಡುತ್ತ, ಮುಖ ಅತ್ತ ತಿರುಗಿಸಿಕೊಂಡೇ, ಮದುಮಗಳ ಹೆಸರು ತಪ್ಪಿಲ್ಲದೆ ಹೊಡೆಯುತ್ತಿದ್ದಳು.

ಆ ವರ್ಷ ಹಳೆಯ ಕಂಪ್ಯೂಟರು ಕೆಟ್ಟಿತು. ವಿಜಾಪುರದಿಂದ ಹೊಸದು ಬಂತು. ಹೊಸದರಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್. ಗಿರಿಜಕ್ಕನ ಹಳೆಯ ಕನ್ನಡ ಸಾಫ್ಟ್‌ವೇರು ಅದರ ಮೇಲೆ ಏಳಲೇ ಇಲ್ಲ. ಹೊಸ ಕನ್ನಡ ಸಾಫ್ಟ್‌ವೇರಿನಲ್ಲಿ ಅಕ್ಷರಗಳ ಜಾಗವೆಲ್ಲ ಬೇರೆ. ನಾಲ್ಕು ದಿನ ಅವಳು ಒಂದೊಂದೇ ಕೀಲಿ ಹುಡುಕಿ ಒತ್ತಿದಳು. ಕಾಕಾ ನೋಡುವಷ್ಟು ನೋಡಿದ. ಮುದ್ದೇಬಿಹಾಳದಲ್ಲಿ ಹೊಸ ಸಾಫ್ಟ್‌ವೇರು ಬಲ್ಲ ಒಬ್ಬ ಹುಡುಗಿ ಇದ್ದಾಳೆಂದು ಯಾರೋ ಹೇಳಿದ್ದರು. "ತಾಂಬಾ ಮಾಸ್ತರ ಪುಸ್ತಕ ಒಂದು ಕೈಯಾಗೈತಿ. ಅದು ಹೆಂಗ ಮುಗೀತೈತಿ ನೋಡೂಣು, ಆಮ್ಯಾಲೆ ಮಾತು" ಎಂದು ಗಿರಿಜಕ್ಕನಿಗೆ ಕೇಳುವಂತೆಯೇ ನನಗೆ ಹೇಳಿದ.

ತಾಂಬಾ ಮಾಸ್ತರರು ಹತ್ತಿರದ ತಾಂಬಾ ಎಂಬ ಊರಿನ ನಿವೃತ್ತ ಶಿಕ್ಷಕರು. ತಮ್ಮ ಊರಿನ ಒಂದೊಂದು ಹೊಲಕ್ಕೂ ಇರುವ ಹೆಸರನ್ನು, ಆ ಹೆಸರು ಹೇಗೆ ಬಂತೆಂಬುದನ್ನು ವರ್ಷಗಟ್ಟಲೆ ಕೇಳಿ ವಹಿಗಳಲ್ಲಿ ಬರೆದಿಟ್ಟಿದ್ದರು. ಕಾಗದಪತ್ರದಲ್ಲಿ ಬರೀ ಸರ್ವೆ ನಂಬರು ಉಳಿದಿದೆ, ಹೆಸರು ಹೋಗುತ್ತದೆ ಎಂಬುದು ಅವರ ಚಿಂತೆ.

ನನಗೆ ಒಂದು ಉಪಾಯ ಗೊತ್ತಿತ್ತು. ಒಂದು ಕಂಪ್ಯೂಟರಿನ ಪರದೆಯ ಮೇಲೆ, ಒಂದು ಚೌಕದೊಳಗೆ, ಇನ್ನೊಂದು ಇಡೀ ಕಂಪ್ಯೂಟರನ್ನೇ ನಡೆಸುವ ಸಾಫ್ಟ್‌ವೇರು ಇರುತ್ತದೆ. ವರ್ಚುವಲ್ ಮಷೀನ್ ಎನ್ನುತ್ತಾರೆ. ಹೊರಗಡೆ ಹೊಸ ಸಿಸ್ಟಮ್, ಚೌಕದೊಳಗೆ ತೊಂಬತ್ತೆಂಟರ ಹಳೆಯ ವಿಂಡೋಸ್. ತಾನು ಇನ್ನೊಂದರ ಹೊಟ್ಟೆಯಲ್ಲಿದ್ದೇನೆ ಎಂಬುದು ಒಳಗಿನದಕ್ಕೆ ಗೊತ್ತೇ ಇರುವುದಿಲ್ಲ. ಎರಡು ದಿನ ಕೂತು ಅದನ್ನು ಹೊಂದಿಸಿ, ಹಳೆಯ ಕನ್ನಡ ಸಾಫ್ಟ್‌ವೇರು ಹಾಕಿ, ಗಿರಿಜಕ್ಕನನ್ನು ಕರೆದೆ. ಅವಳು ಕೂತು ಎರಡು ಸಾಲು ಹೊಡೆದಳು. ಅಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು.

"ಇದೇನ ತಂಗಿ, ಬಸರಿ ಕಂಪ್ಯೂಟರ್ ತಂದು ಕುಂದ್ರಿಸಿಯಲ್ಲ!" ಎಂದು ನಕ್ಕಳು. ಅಷ್ಟು ದಿನಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಇಲ್ಲಿ ನನ್ನ ಸ್ವಭಾವದ ಬಗ್ಗೆ ಒಂದು ಮಾತು. ನಾನು ಮಾತಾಡುವುದು ಕಡಿಮೆ. ಅದನ್ನು ಗುಣವೆಂದೇ ಆಗ ತಿಳಿದಿದ್ದೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಅಂಕಿ ಹಾಕಿ ಬರೆದು ಅಂಟಿಸುವುದು ನನ್ನ ರೂಢಿ; ಹಾಸ್ಟೆಲ್ಲಿನ ನನ್ನ ಕಪಾಟಿನ ಬಾಗಿಲ ಮೇಲೂ ಅಂಥವು ಇದ್ದವು. ಗಿರಿಜಕ್ಕನಿಗೂ ಆರು ಸಾಲಿನ ಒಂದು ಚೀಟಿ ಬರೆದು ಮಾನಿಟರಿನ ಬದಿಗೆ ಅಂಟಿಸಿದೆ. ನಾಲ್ಕನೆಯ ಸಾಲು: "ಫೈಲುಗಳನ್ನು ಹೊರಗಿನ ಫೋಲ್ಡರಿನಲ್ಲೇ ಇಡುವುದು."

ಏಕೆ ಎಂದು ಬರೆದಿರಲಿಲ್ಲ. ಗಿರಾಕಿಗಳು ತರುವ ಫ್ಲಾಪಿ, ಸೀಡಿಗಳಿಂದ ವೈರಸ್ಸು ಬರುತ್ತಿತ್ತು. ಅದಕ್ಕಾಗಿ ಒಳಗಿನ ಕಂಪ್ಯೂಟರನ್ನು ಬಂದ್ ಮಾಡಿದಾಗಲೆಲ್ಲ ಅದು ನಾನು ಹೊಂದಿಸಿದ ಮೊದಲ ದಿನದ ಸ್ಥಿತಿಗೆ ಮರಳುವಂತೆ ಮಾಡಿದ್ದೆ. ನಡುವೆ ಒಳಗೆ ಬಂದದ್ದೆಲ್ಲ, ಒಳ್ಳೆಯದೂ ಕೆಟ್ಟದ್ದೂ, ಅಳಿಸಿಹೋಗಬೇಕು. ಬಹಳ ಅಚ್ಚುಕಟ್ಟಾದ ಏರ್ಪಾಡು ಎಂದು ನನ್ನಷ್ಟಕ್ಕೆ ನಾನೇ ಮೆಚ್ಚಿಕೊಂಡಿದ್ದೆ.

ಗಿರಿಜಕ್ಕ ಹನ್ನೆರಡು ವರ್ಷದಿಂದ ಎಲ್ಲಿ ಇಡುತ್ತಿದ್ದಳೋ ಅಲ್ಲೇ, ಒಳಗೇ, ತನ್ನ ಹೆಸರಿನ ಫೋಲ್ಡರ್ ಮಾಡಿ ಇಟ್ಟಳು. ಅದು ಬೇಗ ಗೊತ್ತಾಗದಿರಲು ಕಾರಣ, ಅವಳು ಒಳಗಿನದನ್ನು ಬಂದ್ ಮಾಡುತ್ತಲೇ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ತಡೆದು ನಿಲ್ಲಿಸುವ ಗುಂಡಿಯೊಂದಿತ್ತು. ಕರೆಂಟು ಹೋದಾಗ ಯುಪಿಎಸ್ ಆರುವ ಮೊದಲು, ಸಂಜೆ ಮನೆಗೆ ಹೊರಡುವಾಗ, ಅದನ್ನು ಒತ್ತಿ "ಮಲಗಿಸೀನಿ" ಎನ್ನುತ್ತಿದ್ದಳು. ಮರುದಿನ ಬಂದು ಎಬ್ಬಿಸಿದರೆ ನಿನ್ನೆ ನಿಂತ ಸಾಲಿನಿಂದಲೇ ಕೆಲಸ. ಹನ್ನೊಂದು ದಿನ ಹೀಗೇ ನಡೆಯಿತು. ಮಾಸ್ತರರ ವಹಿಗಳು ಒಂದೊಂದಾಗಿ ಮುಗಿದವು. ಟೈಪು ಮುಗಿದ ವಹಿಯನ್ನು ಅವರು ಸಂತೆಗೆ ಬಂದಾಗ ಮನೆಗೊಯ್ಯುತ್ತಿದ್ದರು. ಪ್ರೂಫು ಮಾತ್ರ ಎಲ್ಲ ಮುಗಿದ ಮೇಲೆ ಒಮ್ಮೆಲೇ ನೋಡುತ್ತೇನೆಂದಿದ್ದರು.

ಹನ್ನೆರಡನೆಯ ದಿನ ಅಮಾವಾಸ್ಯೆ.

ಅವತ್ತು ನಾನು ಅಂಗಡಿಗೆ ಹೋಗಿರಲಿಲ್ಲ. ಅಚ್ಚಿನ ಯಂತ್ರ ತೊಳೆದು, ನಿಂಬೆಹಣ್ಣು ಕೊಯ್ದು, ಕಾಯಿ ಒಡೆದರಂತೆ. ಪೂಜೆಗೆ ಕೂಡಿಸಿದ ಯಂತ್ರ ಅರ್ಧ ಎಚ್ಚರದಲ್ಲಿ ಇರಬಾರದು. ಅದಕ್ಕೆ ಗಿರಿಜಕ್ಕ ಮೊದಲು ಒಳಗಿನದನ್ನು, ಆಮೇಲೆ ಹೊರಗಿನದನ್ನು ಕ್ರಮವಾಗಿ ಬಂದ್ ಮಾಡಿದ್ದಳು.

ಮರುದಿನ ಬೆಳಿಗ್ಗೆ ಕರೆದಳು. "ತಂಗಿ, ಇಲ್ಲಿ ಬಾ. ನನ್ನ ಫೋಲ್ಡರ್ ಕಾಣವಲ್ದು."

ನೋಡಿದ ಕ್ಷಣವೇ ನನಗೆ ಗೊತ್ತಾಯಿತು. ಚೌಕದೊಳಗೆ ಮೊದಲ ದಿನದ ಖಾಲಿ ಪರದೆ, ತೊಳೆದಿಟ್ಟ ತಾಟಿನ ಹಾಗೆ. ನಾನು ಸುಮ್ಮನೆ ಅಲ್ಲಿ ಇಲ್ಲಿ ಹುಡುಕಿದಂತೆ ಮಾಡಿದೆ. ಅಷ್ಟರಲ್ಲಿ ಕಾಕಾ ಬಂದ.

"ಹನ್ನೊಂದು ದಿನದ ಕೆಲಸ ಎಲ್ಲಿ ಹೋತ್ರಿ ಗಿರಿಜಾಬಾಯಿ?"

"ನಾನs ಏನರ ತಪ್ಪ ಒತ್ತೀನಿ ಕಾಣತೈತ್ರಿ ಅಣ್ಣಾರ."

ಕಾಕಾ ನನ್ನ ಕಡೆ ತಿರುಗಿದ. "ಯಂತ್ರ ಸರಿ ಐತೇನವಾ?"

"ಸರಿ ಐತಿ ಕಾಕಾ" ಎಂದೆ.

ಅದು ಸುಳ್ಳಲ್ಲ. ಯಂತ್ರ ಸರಿಯಾಗಿಯೇ ಇತ್ತು. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿತ್ತು. ಇಂದಿಗೂ ಆ ಎರಡು ಶಬ್ದ ನೆನಪಾದರೆ ಮುಖ ಬಿಸಿಯಾಗುತ್ತದೆ. ಕಾಕಾ ಹೆಚ್ಚು ಬೈಯಲಿಲ್ಲ. "ಸೋಮವಾರ ಮುದ್ದೇಬಿಹಾಳದಾಕಿ ಬರ್ತಾಳ. ನೀವು ತಾಂಬಾಕ್ಕ ಹೋಗಿ ವಹಿ ಇಸ್ಕೊಂಡು ಬಂದು, ಆಕಿಗೆ ಒಪ್ಪಿಸಿಬಿಡ್ರಿ" ಎಂದ. ಗಿರಿಜಕ್ಕ ತಲೆಯಾಡಿಸಿ, ಚೀಲ ತೆಗೆದುಕೊಂಡು ಮನೆಗೆ ಹೋದಳು. ನಾನು ಚೀಟಿಯ ನಾಲ್ಕನೆಯ ಸಾಲನ್ನು ನೋಡುತ್ತ ಕೂತೆ. ಬರೆದಿದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಧ್ಯಾಹ್ನದವರೆಗೆ ಆ ಮಾತು ಸಾಕಾಯಿತು, ಆಮೇಲೆ ಸಾಕಾಗಲಿಲ್ಲ.

ಮರುದಿನ ಅವಳ ಜೊತೆ ತಾಂಬಾ ಬಸ್ಸು ಹತ್ತಿದೆ. ಅರ್ಧ ದಾರಿ ಕಳೆದ ಮೇಲೆ ಎಲ್ಲ ಹೇಳಿದೆ: ಬಂದ್ ಮಾಡಿದರೆ ಏನಾಗುತ್ತದೆ, ಹಾಗೆ ಮಾಡಿಟ್ಟವಳು ಯಾರು, ನೋಡಿದ ಕೂಡಲೇ ನನಗೆ ಹೇಗೆ ಗೊತ್ತಾಯಿತು. ಅವಳು ಕಿಟಕಿಯ ಹೊರಗೆ ನೋಡುತ್ತ ಕೇಳಿದಳು.

"ನಾಲ್ಕನೇದು ಓದಿದ್ದೆ ತಂಗಿ. ಒಳಗ ಇಷ್ಟು ಜಾಗಾ ಇರೂವಾಗ ಹೊರಗ ಯಾಕ ಇಡಬೇಕು ಅಂದು ಬಿಟ್ಟೆ. ಅಳಿಸಿಹೋಗ್ತೈತಿ ಅಂತ ಒಂದು ಮಾತು ಹೇಳಿದ್ರ ನಾ ಅಷ್ಟ ದಡ್ಡಿ ಏನು?"

"ಹೇಳಬೇಕಾಗಿತ್ತು."

"ಹೋಗ್ಲಿ. ನನಗ ಹೇಳಿದಿ. ನಿಮ್ಮ ಕಾಕಾಗ ಹೇಳಿದೇನು?"

ನಾನು ಕೈಯಲ್ಲಿದ್ದ ಟಿಕೀಟನ್ನು ಮಡಚತೊಡಗಿದೆ.

"ಮತ್ತ ನನಗ ಹೇಳಿ ಏನ ಬಂತು?" ಎಂದಳು. ಸಿಟ್ಟಿನಿಂದಲ್ಲ, ಹಿಟ್ಟು ಎಷ್ಟು ಉಳಿದಿದೆ ಎಂದು ಕೇಳಿದ ಹಾಗೆ.

ಮಾಸ್ತರರು ಅಂಗಳದಲ್ಲೇ ಇದ್ದರು. ಸುದ್ದಿ ಕೇಳಿ ಕನ್ನಡಕ ತೆಗೆದು ಒರೆಸಿದರು. "ಹೋದ್ರ ಹೋಗ್ಲಿ ಬಿಡ್ರಿ. ಹೊಲಾ ಎಲ್ಲಾ ತಮ್ಮ ಜಾಗಾದಾಗs ಅದಾವಲ್ಲ" ಎಂದು ವಹಿಗಳನ್ನು ಬಿಳಿ ಅರಿವೆಯಲ್ಲಿ ಕಟ್ಟಿ ಕೊಟ್ಟರು. ನಮಗಿಬ್ಬರಿಗೂ ಮಜ್ಜಿಗೆ ಬಂತು.

ಮರಳಿ ಬಂದಾಗ ಅಂಗಡಿಯಲ್ಲಿ ಲಗ್ನಪತ್ರಿಕೆಯ ಗಿರಾಕಿಗಳಿಬ್ಬರು ಕೂತಿದ್ದರು. ಅವರು ಹೋಗಲಿ ಎಂದು ಕಾದರೆ ನನ್ನ ಧೈರ್ಯವೂ ಅವರ ಜೊತೆಗೇ ಹೋಗುತ್ತದೆಂದು ಗೊತ್ತಿತ್ತು.

"ಕಾಕಾ, ತಪ್ಪು ನಂದು. ಗಿರಿಜಕ್ಕಂದಲ್ಲ. ಬಂದ್ ಮಾಡಿದ್ರ ಎಲ್ಲಾ ಅಳಿಸೂ ಹಂಗ ನಾನs ಮಾಡಿಟ್ಟಿದ್ದೆ. ಆಕಿಗೆ ಹೇಳಿರಲಿಲ್ಲ."

"ನಿನ್ನೆ ಕೇಳಿದ್ನಲ್ಲ ನಿನಗ, ಯಂತ್ರ ಸರಿ ಐತೇನಂತ?"

"ಯಂತ್ರ ಸರಿ ಐತಿ. ನಾ ಸರಿ ಇರಲಿಲ್ಲ."

ಗಿರಾಕಿಗಳು ಲಗ್ನಪತ್ರಿಕೆಯ ನಮೂನೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಕಾಕಾ ಚಹಾ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟ. "ಮುದ್ದೇಬಿಹಾಳಕ್ಕ ಫೋನ್ ಹಚ್ಚು" ಎಂದ. ಗಿರಿಜಕ್ಕ ಬಾಗಿಲಲ್ಲೇ ನಿಂತಿದ್ದಳು. ನಾನು ನಂಬರು ಒತ್ತಿ ಫೋನು ಅವನ ಕಡೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. "ಬರೂದು ಬ್ಯಾಡ ಅಂತ ನೀನs ಹೇಳು. ಯಾಕ ಬ್ಯಾಡ ಅನ್ನೂದನ್ನೂ ಹೇಳು. ಬಾಯಿ ಬಿಟ್ಟು ಮಾತಾಡೂದು ಕಲೀತಿ."

ಅಪರಿಚಿತಳಾದ ಆ ಹುಡುಗಿಗೆ ಇಡೀ ಕಥೆಯನ್ನು ಹೇಳಿದೆ. ಅವಳು ಕೊನೆಯಲ್ಲಿ ಕೇಳಿದ್ದು ಒಂದೇ: "ಕಂಪ್ಯೂಟರ್ ಒಳಗ ಕಂಪ್ಯೂಟರ್ ಹೆಂಗ ಕೂಡಸ್ತಾರ್ರಿ ಅಕ್ಕಾರ? ನನಗೂ ಕಲಸ್ತೀರೇನು?" ಕಲಿಸಿದೆ, ಆದರೆ ಅದು ಬೇರೆ ಮಾತು.

ಮೊದಲು, ಬಂದ್ ಮಾಡಿದರೆ ಅಳಿಸುವ ಆ ಏರ್ಪಾಡನ್ನು ತೆಗೆದುಹಾಕಿದೆ. ಆಮೇಲೆ ಏಳು ದಿನ ನಾನು ವಹಿ ಓದಿದೆ, ಗಿರಿಜಕ್ಕ ಟೈಪು ಮಾಡಿದಳು. ಹುಣಸಿಕಟ್ಟಿ ಹೊಲ, ಎಂಟಕೂರಿಗಿ, ಮುದುಕಿ ತುಂಡು, ಅತ್ತಿ-ಸೊಸಿ ಪಟ್ಟಿ. ಅತ್ತೆಯೂ ಸೊಸೆಯೂ ಜಗಳಾಡಿ ನಡುವೆ ಬದು ಹಾಕಿಸಿದ್ದರಂತೆ. "ಮುಂದ ಅತ್ತಿ ಪಾಲಿಗೆ ಬಾವಿ ಬರತೈತಿ ನೋಡು" ಎಂದು ಗಿರಿಜಕ್ಕ ಕೀಲಿಮಣೆ ನೋಡದೆಯೇ ಹೇಳುವಳು. ಮುಂದಿನ ಸಾಲಿನಲ್ಲಿ ಹಾಗೆಯೇ ಇರುತ್ತಿತ್ತು. ನಾಲ್ಕನೆಯ ದಿನಕ್ಕೆ ನನ್ನ ಗಂಟಲು ಕಟ್ಟಿತು. ಪುಸ್ತಕ ಹದಿನೈದು ದಿನ ತಡವಾಯಿತು. ಮಾಸ್ತರರು ತಡವಾದದ್ದಕ್ಕೆ ಬೇಸರ ಪಟ್ಟರು, ಅದನ್ನು ಮುಚ್ಚಿಡಲಿಲ್ಲ. ಗಿರಿಜಕ್ಕ ಇಂದಿಗೂ ಅದೇ ಕುರ್ಚಿಯಲ್ಲಿದ್ದಾಳೆ. ಒಳಗಿನದನ್ನು ಇಂದಿಗೂ ಮಲಗಿಸಿಯೇ ಮನೆಗೆ ಹೋಗುತ್ತಾಳೆ.

ಇನ್ನು ಬಸಣ್ಣ. ಅವನು ಅರಿವೆ ಹಿಡಿದು ನಿಂತೇ ಇದ್ದಾನೆ. ನಮ್ಮ ಲ್ಯಾಬಿನ ಕಂಪ್ಯೂಟರುಗಳ ಪೈಕಿ ಎಂಟರಲ್ಲಿ ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಒಳಗೊಂದೊಂದು ಕಂಪ್ಯೂಟರು ಇದೆ. ಇಲ್ಲಿ ಅವು ಬಂದ್ ಆದಾಗ ಮೊದಲಿನಂತಾಗಲೇಬೇಕು, ಇಲ್ಲದಿದ್ದರೆ ಹಿಂದಿನ ತಂಡ ಮಾಡಿಟ್ಟದ್ದೇ ಉಳಿದು ಮುಂದಿನ ತಂಡಕ್ಕೆ ಕೆಲಸವಿಲ್ಲ. ಅವನನ್ನು ಕುರ್ಚಿ ಎಳೆದು ಕೂಡಿಸಿ, ಒಳಗಿನದು ಯಾವುದು, ಹೊರಗಿನದು ಯಾವುದು, ಹುಡುಗಿಯರು ತಮ್ಮ ಕೆಲಸವನ್ನು ಹೊರಗೆ ತೆಗೆದಿಡುವ ಮೊದಲೇ ಬಂದ್ ಮಾಡಿದರೆ ಏನು ಹೋಗುತ್ತದೆ ಎಂದು ಮೊದಲಿನಿಂದ ಹೇಳಿದೆ.

"ಇಷ್ಟೆಲ್ಲಾ ಯಾಕ್ರಿ ಮೇಡಂ? ಬಂದ್ ಮಾಡಬ್ಯಾಡ ಅಂದಿದ್ರ ಆಗ್ತಿತ್ತಲ್ರಿ."

"ಆಗೂದಿಲ್ಲ ಬಸಣ್ಣ" ಎಂದೆ.

ಹುಡುಗಿಯರು ಒಬ್ಬೊಬ್ಬರಾಗಿ ಫೈಲುಗಳನ್ನು ಹೊರಗಿಟ್ಟು ಎದ್ದರು. ಪರದೆಗಳು ಒಂದೊಂದಾಗಿ ಕಪ್ಪಾದವು. ಬಸಣ್ಣ ಒರೆಸುತ್ತ ಬಂದ. ಒಳಗೊಂದಿರುವ ಎಂಟು ಯಾವುವೆಂದು ನನ್ನನ್ನು ಕೇಳಿಕೊಂಡು, ಉಳಿದವಕ್ಕೆ ಒಂದೊಂದು, ಅವಕ್ಕೆ ಮಾತ್ರ ಕುಂಕುಮದ ಎರಡೆರಡು ಬೊಟ್ಟು ಇಟ್ಟ.