ಕಾಫಿಗೆ ಎದ್ದು ಹೋದವಳು

ನವಿ ಮುಂಬಯಿಯ ಒಂದು ಕಾಲೇಜಿನವರು ಈಚೆಗೆ ನನ್ನನ್ನು ಮಾತಾಡಲು ಕರೆದಿದ್ದರು. ಸ್ಟಾರ್ಟಪ್ ಕಟ್ಟಿ ನಡೆಸಿ ಕಲಿತ ಪಾಠಗಳನ್ನು ಹೇಳಿ, ಆದರೆ ಐದು ಅಂಶಗಳಲ್ಲಿ ಹೇಳಿ ಎಂದು ಮೊದಲೇ ತಿಳಿಸಿದ್ದರು. ನನ್ನ ಹತ್ತಿರ ಐದು ಇರಲಿಲ್ಲ. ಮೈಕ್ ಹಿಡಿದು, "ಕಂಪನಿಯ ಮೀಟಿಂಗನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಇಟ್ಟುಕೊಂಡರೂ ಮಧ್ಯದಲ್ಲಿ ಕಾಫಿ ಮಾಡಲು ಏಳಬೇಡಿ" ಎಂದೆ. ಹುಡುಗರು ಹೋ ಎಂದು ನಕ್ಕರು. ಆ ನಗು ಕೇಳಿ ನನಗೆ ಮೈ ಉರಿದುಹೋಯಿತು. ನಾನು ತಮಾಷೆಗೆ ಹೇಳಿರಲಿಲ್ಲ.

ಐರೋಲಿಯ ಒಂದು ಆಫೀಸಿನಲ್ಲಿ ನಾನು ಫೈನಾನ್ಸ್ ವಿಭಾಗದಲ್ಲಿದ್ದೆ. ಬೆಂಗಳೂರು, ಮೈಸೂರಿನಿಂದ ಬಂದ ನಾವೊಂದಷ್ಟು ಜನ ಮಧ್ಯಾಹ್ನ ಒಟ್ಟಿಗೆ ಕೂತು, ಕ್ಯಾಂಟೀನಿನ ಕೆಂಪು ಗ್ರೇವಿಗೆ ಶಾಪ ಹಾಕುತ್ತ ಹುಳಿ, ಪಲ್ಯ, ರೊಟ್ಟಿಯ ಮಾತಾಡುತ್ತಿದ್ದೆವು. ಡೊಂಬಿವಲಿ, ಕಲ್ಯಾಣದಲ್ಲಿ ಕನ್ನಡದ ಮನೆಗಳಿಗೆ ಬರವಿಲ್ಲ. ಆ ಮನೆಗಳಲ್ಲಿ ಹೆಂಗಸರು ಹೇಗೂ ಅಡುಗೆ ಮಾಡುತ್ತಾರೆ. ಇನ್ನೊಂದಷ್ಟು ಹೆಚ್ಚಿಗೆ ಮಾಡಿದರೆ ಅದನ್ನು ಡಬ್ಬಿಯಲ್ಲಿ ಆಫೀಸುಗಳಿಗೆ ಮುಟ್ಟಿಸಬಹುದು, ಅದಕ್ಕೊಂದು ಆ್ಯಪ್ ಮಾಡೋಣ ಎಂದು ಹೇಳಿದವಳು ನಾನು. ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದ ಮೈಸೂರಿನ ಸಹೋದ್ಯೋಗಿ ಆ್ಯಪ್ ಬರೆದುಕೊಡುತ್ತೇನೆ ಎಂದ. ಇಬ್ಬರೂ ಕೆಲಸ ಬಿಟ್ಟೆವು. ಅವನು ನನ್ನ ಪಾರ್ಟ್‌ನರ್ ಆದ.

ಅವನು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾಗ ನಾನು ಡೊಂಬಿವಲಿಯ ಲಿಫ್ಟಿಲ್ಲದ ಕಟ್ಟಡಗಳ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಪ್ರತಿ ಮನೆಯಲ್ಲೂ ಕೂತು ಉಂಡೆ, ಹೊಗಳಿದೆ, ಬೇಡಿದೆ, ಅನುಮಾನಪಡುವ ಗಂಡಂದಿರನ್ನು ಒಪ್ಪಿಸಿದೆ. ಮೊದಲು ಒಪ್ಪಿದವಳು ಗದಗಿನ ಕಡೆಯ ಒಬ್ಬಳು. ಅವಳ ಗಂಡ ರೈಲ್ವೆಯಲ್ಲಿದ್ದ. ಅವಳು ಮಾಡಿದ ಬದನೆಕಾಯಿ ಎಣ್ಣೆಗಾಯಿ ತಿಂದ ದಿನವೇ ಈ ಕಂಪನಿ ನಡೆಯುತ್ತದೆ ಎಂದು ನನಗೆ ಖಾತ್ರಿಯಾಯಿತು. ಅವಳು ತನ್ನ ಓಣಿಯ ಗೆಳತಿಯರನ್ನು ಕರೆತಂದಳು, ಆ ಗೆಳತಿಯರು ಕಲ್ಯಾಣದ ನಾದಿನಿಯರನ್ನು ಕರೆತಂದರು. ಕಂಪನಿ ಎಂದರೆ ನನಗೆ ಆ ಅಡುಗೆಮನೆಗಳೇ.

ಪಾರ್ಟ್‌ನರನ ಮನೆ ಕೋಪರಿಯಲ್ಲಿ, ಸ್ಟೇಷನ್ನಿನ ಪಕ್ಕ. ಕಾಲು ಚಾಚಲೂ ಜಾಗವಿಲ್ಲ. ಠಾಣೆಯ ಘೋಡಬಂದರ್ ರಸ್ತೆಯಲ್ಲಿರುವ ನಮ್ಮ ಫ್ಲ್ಯಾಟಿನ ಹಾಲ್ ದೊಡ್ಡದು. ಹಾಗಾಗಿ ಡಿಸೈನ್ ಮಾಡುವವರು, ಡಬ್ಬಿ ಮಾರುವವರು, ಯಾರೇ ಬಂದರೂ ಮೀಟಿಂಗ್ ಎಲ್ಲ ನಮ್ಮಲ್ಲಿ. ನಮ್ಮ ಮನೆಗೆ ಬಂದವರು ಬಾಯಿ ಒಣಗಿಸಿಕೊಂಡು ಹೋಗುವುದು ಉಂಟೇ? ಯಾರೂ ಕೇಳುತ್ತಿರಲಿಲ್ಲ, ಆದರೆ ಮಾತು ಅರ್ಧಕ್ಕೆ ಬಂದಾಗ ಎಲ್ಲರ ಕಣ್ಣೂ ಒಮ್ಮೆ ಅಡುಗೆಮನೆಯ ಕಡೆ ಹೋಗುತ್ತಿತ್ತು. ನಾನು ಏಳುತ್ತಿದ್ದೆ. ಮೈಸೂರಿನ ರೂಮಿನಲ್ಲಿ ಹತ್ತು ಜನಕ್ಕೆ ಫಿಲ್ಟರ್ ಕಾಫಿ ಹಾಕಿಕೊಡುತ್ತಿದ್ದೆ ಎಂದು ಜಂಬ ಕೊಚ್ಚುತ್ತಿದ್ದ ಮಹಾರಾಯ ನಮ್ಮ ಮನೆಯಲ್ಲಿ ಒಂದು ಲೋಟವನ್ನೂ ಎತ್ತಿಡಲಿಲ್ಲ. "ನಿಮ್ಮ ಅಡುಗೆಮನೆಗೆ ನಾನು ಹೇಗೆ ನುಗ್ಗೋದು?" ಎನ್ನುತ್ತಿದ್ದ. ಏನು ಸಂಕೋಚ! ನನ್ನ ಕಂಪನಿಯೊಳಗೆ ನುಗ್ಗಲು ಮಾತ್ರ ಅದು ಅಡ್ಡ ಬರಲಿಲ್ಲ.

ಟ್ರೇ ಹಿಡಿದು ಬರುವಷ್ಟರಲ್ಲಿ ಏನೋ ಒಂದು ತೀರ್ಮಾನ ಆಗಿರುತ್ತಿತ್ತು. ಮೊದಮೊದಲು ಆ್ಯಪಿನ ಬಣ್ಣ, ಡಬ್ಬಿಯ ಅಳತೆ, ಇಂಥವು. ಹೋಗಲಿ ಬಿಡು ಎಂದುಕೊಂಡೆ. ಆಮೇಲೊಂದು ದಿನ ವಿಸಿಟಿಂಗ್ ಕಾರ್ಡ್ ಬಂತು. ಅವನದರಲ್ಲಿ ಫೌಂಡರ್ ಎಂದಿತ್ತು, ನನ್ನದರಲ್ಲಿ ಕಿಚನ್ ಹೆಡ್. "ಅವತ್ತೇ ಡಿಸೈಡ್ ಆಯ್ತಲ್ಲ, ನೀವೂ ಇದ್ರಲ್ಲ" ಎಂದ. ಆ ಕಾರ್ಡುಗಳನ್ನು ಅವನ ಮುಖಕ್ಕೆ ಎಸೆಯಬೇಕಿತ್ತು. ಹೊಸದಾಗಿ ಮಾಡಿಸು ಎಂದಷ್ಟೇ ಹೇಳಿದೆ. ಅವನು ಮಾಡಿಸಲಿಲ್ಲ.

ಕಂಪನಿ ಬೆಳೆಯಬೇಕಾದರೆ ಹಣ ಹಾಕುವವರು ಬೇಕಿತ್ತು. ಸಾನಪಾಡಾದಲ್ಲಿ ಹೋಟೆಲ್ ಇಟ್ಟಿದ್ದ ಉಡುಪಿಯ ಧಣಿಯೊಬ್ಬರು, ನಮ್ಮವರು ಏನೋ ಮಾಡುತ್ತಿದ್ದಾರೆ ಎಂಬ ಪ್ರೀತಿಯಿಂದ ಮುಂದೆ ಬಂದರು. ಒಂದು ಭಾನುವಾರ ಮನೆಗೆ ಬಂದರು. ಘೋಡಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಸುಸ್ತಾಗಿದ್ದರು.

"ಎಂತದೂ ಬೇಡ ಮಾರಾಯ್ರೆ, ಒಂದು ಕಾಫಿ ಆದ್ರೆ ಸಾಕು" ಎಂದರು.

ಊರಿಗೆಲ್ಲ ತಿಂಡಿ ಹಾಕುವ ಮನುಷ್ಯನಿಗೆ ಬರಿ ಕಾಫಿ ಹೇಗೆ ಕೊಡುವುದು? ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿದೆ. ಚಿಮಣಿಯ ಸದ್ದಿನಲ್ಲಿ ಹಾಲ್‌ನ ಒಂದು ಮಾತೂ ಕೇಳಿಸಲಿಲ್ಲ. ತಟ್ಟೆ ಹಿಡಿದು ಬಂದಾಗ ಇಬ್ಬರೂ ಕೈ ಕುಲುಕುತ್ತಿದ್ದರು.

"ತುರ್ಭೆಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಗಾಳಾ, ದೊಡ್ಡ ಶೆಡ್ಡು, ತಗೊಳ್ತಿದ್ದೀವಿ. ಸೆಂಟ್ರಲ್ ಕಿಚನ್. ಡೊಂಬಿವಲಿಯ ಮನೆಗಳೆಲ್ಲ ಮುಂದಿನ ತಿಂಗಳಿಂದ ಬಂದ್" ಎಂದ ಪಾರ್ಟ್‌ನರ್.

"ಬಂದ್ ಅಂದ್ರೆ?"

"ಬೇಕಾದ್ರೆ ಅವರೂ ತುರ್ಭೆಗೆ ಬರಲಿ. ಮನೆಮನೆ ರುಚಿ ಬೇರೆ ಬೇರೆ ಆದ್ರೆ ಸ್ಕೇಲ್ ಆಗಲ್ಲ. ಈಗ ತಾನೆ ಮಾತಾಡಿದ್ವಲ್ಲ?"

ಮಾತಾಡಿದವರು ಯಾರು, ಯಾರ ಜೊತೆ ಎಂದು ಕೂಗಿದೆ. ಮಕ್ಕಳನ್ನು ಶಾಲೆಗೆ ಕಳಿಸಿ, ಅತ್ತೆಯ ಮಾತ್ರೆ ನೋಡಿಕೊಂಡು, ಅದರ ನಡುವೆ ಒಲೆಯ ಮುಂದೆ ನಿಲ್ಲುವ ಹೆಂಗಸು ದಿನಾ ಲೋಕಲ್ ಹತ್ತಿ ತುರ್ಭೆಗೆ ಹೇಗೆ ಬರುತ್ತಾಳೆ ಎಂದು ಕೇಳಿದೆ. ಧಣಿ ತಟ್ಟೆಯಿಂದ ತಲೆ ಎತ್ತಿ, "ಉಪ್ಪಿಟ್ಟು ಒಳ್ಳೇದುಂಟು ಆಯ್ತಾ" ಎಂದರು. ಮನುಷ್ಯ ಕೆಟ್ಟವರಲ್ಲ, ನಿಜವಾಗಿ ಮೆಚ್ಚಿಯೇ ಹೇಳಿದ್ದು. ನನಗೆ ಅವರ ತಟ್ಟೆ ಕಸಿದುಕೊಳ್ಳಬೇಕು ಅನ್ನಿಸಿತು.

ಅಡುಗೆಯವರಿಗೆ ವಿಷಯ ತಿಳಿಸುವ ಕೆಲಸ ನನ್ನ ತಲೆಗೆ ಬಂತು. "ನಿಮಗೆ ಅವರೆಲ್ಲ ಕ್ಲೋಸ್ ಅಲ್ವಾ?" ಎಂದ ಪಾರ್ಟ್‌ನರ್. ಗದಗಿನವಳ ಮನೆಗೆ ಹೋಗಿ ಕೂತೆ. ಅವಳ ಮಗಳು, ಇಲ್ಲೇ ಹುಟ್ಟಿ ಬೆಳೆದವಳು, "ಮಮ್ಮಿ, ಆಂಟಿ ಕೋ ಪಾನಿ ದೂಂ ಕ್ಯಾ?" ಎನ್ನುತ್ತ ಎದ್ದಳು. ನನ್ನ ಮುಖ ನೋಡಿಯೇ ತಾಯಿಗೆ ಏನೋ ಗೊತ್ತಾಗಿತ್ತು.

"ಕುಂದ್ರು. ಮೊದಲ ಮಾತ ಮುಗೀಲಿ, ಆಮ್ಯಾಲ ನೀರು" ಎಂದಳು.

ಹೇಳಿದೆ.

"ಇದನ್ನ ಮಾತಾಡುಮುಂದ ನೀವು ಅಲ್ಲೇ ಇದ್ರಿ ಹೌದಿಲ್ರಿ ಅಕ್ಕಾರ?"

"ನಾನು ಒಳಗೆ ಉಪ್ಪಿಟ್ಟು ಮಾಡ್ತಿದ್ದೆ."

"ಕಂಪನಿ ನಿಮ್ದು, ಮನಿ ನಿಮ್ದು. ನಮ್ಮ ಅನ್ನ ಕಸ್ಗೊಳ್ಳೋ ಮಾತು ನಡದಿತ್ತು, ನೀವು ಉಪ್ಪಿಟ್ಟ ತಿರುವಾಕ ಹೋಗಿದ್ರಿ?"

ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನೀರನ್ನು ಆಮೇಲೂ ಕೊಡಲಿಲ್ಲ. ಡೊಂಬಿವಲಿಯಿಂದ ಠಾಣೆಯವರೆಗೆ ಲೋಕಲ್‌ನ ಬಾಗಿಲಲ್ಲಿ ನಿಂತು, ಹಲ್ಲು ಕಚ್ಚಿಕೊಂಡು ಬಂದೆ. ಅವಳ ಮೇಲೆ ಸಿಟ್ಟಿರಲಿಲ್ಲ.

ಕಾಗದಕ್ಕೆ ಸಹಿ ಹಾಕಲು ಧಣಿ ಮತ್ತೆ ಬಂದರು. ಆ ದಿನ ನಾನು ಸೋಫಾದ ಮೇಲೆ ಕೂತವಳು ಕೂತೇ ಇದ್ದೆ. ಮಾತು ಅರ್ಧಕ್ಕೆ ಬಂತು. ಇಬ್ಬರ ಕಣ್ಣೂ ಅಡುಗೆಮನೆಯ ಕಡೆ ಹೋಯಿತು. ಧಣಿ ಕೆಮ್ಮಿದರು. ಪಾರ್ಟ್‌ನರ್ ನನ್ನನ್ನೇ ನೋಡಿ, "ಕಾಫಿ?" ಎಂದ.

"ಡಿಕಾಕ್ಷನ್ ಇದೆ, ಹಾಲು ಫ್ರಿಜ್‌ನಲ್ಲಿದೆ. ಹೋಗಿ ಮಾಡ್ಕೊಂಡು ಬಾ. ಹತ್ತು ಜನಕ್ಕೆ ಮಾಡ್ತಿದ್ಯಲ್ಲ" ಎಂದೆ.

ಅವನ ಮುಖ ಕೆಂಪಗಾಯಿತು, ಆದರೂ ಎದ್ದ. ಅವನು ಒಳಗೆ ಹೋದದ್ದೇ ನಾನು ಧಣಿಯ ಕಡೆ ತಿರುಗಿದೆ. ಡೊಂಬಿವಲಿಯ ಅಡುಗೆಮನೆಗಳು ಹೋದರೆ ಇದರಲ್ಲಿ ಏನೂ ಉಳಿಯುವುದಿಲ್ಲ, ಈ ತೀರ್ಮಾನ ನನ್ನದಲ್ಲ, ಮತ್ತೆ ಮೊದಲಿಂದ ಮಾತಾಡೋಣ ಎಂದೆ. ಅವರು ಗಾಬರಿಯಾಗಿ ಕೈ ಅಡ್ಡ ಮಾಡಿದರು.

"ಅವರು ಬರ್ಲಿ ಮಾರಾಯ್ರೆ. ಅವರು ಒಳಗೆ ಇರುವಾಗ ನಾವು ಮಾತಾಡ್ಲಿಕ್ಕೆ ಆಗ್ತದಾ?"

ಆಮೇಲೆ ಮೊಬೈಲ್ ತೆಗೆದು ನೋಡುತ್ತ ಕೂತರು. ಹಾಲು ಕಾದು, ಕಾಫಿ ಬೆರೆಸಿ, ಅವನು ಲೋಟಗಳನ್ನು ಹುಡುಕಿ ಮುಗಿಸುವವರೆಗೆ ಆ ಹಾಲ್‌ನಲ್ಲಿ ಒಂದೇ ಒಂದು ಮಾತು ಹೊರಡಲಿಲ್ಲ. ನಾನು ಎದ್ದು ಹೋದಾಗ ಒಮ್ಮೆಯಾದರೂ ಹೀಗೆ ಆಗಿತ್ತೇ?

ಅವನು ತಂದ ಕಾಫಿ ನೀರುನೀರಾಗಿತ್ತು. "ಗಂಡಸಾಗಿ ಇಷ್ಟು ಮಾಡಿದ್ರಲ್ಲ, ಭಾರೀ ಲಾಯ್ಕಾಗಿದೆ" ಎಂದರು ಧಣಿ. ಮೊದಲಿಂದ ಮಾತಾಡಲು ಇಬ್ಬರೂ ಒಪ್ಪಲಿಲ್ಲ, ನಾನು ಸಹಿ ಹಾಕಲಿಲ್ಲ. ಆ ವಾರವೇ ಕಂಪನಿ ಬಿಟ್ಟೆ.

ತುರ್ಭೆಯ ಕಿಚನ್ ನಡೆಯುತ್ತಿದೆ. ಅವರ ವ್ಯಾನು ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತದೆ. ಅದರ ಮೈಮೇಲೆ ದೊಡ್ಡದಾಗಿ "ಅಮ್ಮನ ಕೈರುಚಿ" ಎಂದು ಬರೆದಿದೆ. ನೋಡಿದಾಗಲೆಲ್ಲ ಇವತ್ತಿಗೂ ರಕ್ತ ಕುದಿಯುತ್ತದೆ. ನಾನು ಬಹಳ ದಿನ ಬಿಟ್ಟು, ಹೆದರುತ್ತಲೇ, ಮತ್ತೆ ಡೊಂಬಿವಲಿಯ ಆ ಬಾಗಿಲು ತಟ್ಟಿದೆ. ಚಿಕ್ಕದಾಗಿ ಮತ್ತೆ ಶುರು ಮಾಡೋಣವೇ ಎಂದು ಕೇಳಬೇಕಿತ್ತು. ಗದಗಿನವಳು ಎದುರಿಗೆ ಕೂತು ಎಲ್ಲವನ್ನೂ ಕೇಳಿದಳು, ಜಗಳಾಡಿದಳು, ಇನ್ನು ಮೇಲೆ ಮೀಟಿಂಗ್ ತನ್ನ ಮನೆಯಲ್ಲೇ ಎಂದು ಷರತ್ತು ಹಾಕಿದಳು. ನಾನು ಒಪ್ಪಿದೆ.

ಅದೆಲ್ಲ ಮುಗಿದ ಮೇಲೆ ಮಗಳ ಕಡೆ ತಿರುಗಿ, "ಈಗ ಕೊಡು ನೀರು" ಎಂದಳು.