ಬೇಡಿ ತಂದ ಬಟ್ಟೆಯ ರೆಕ್ಕೆ

ಎರಡೂವರೆ ವರ್ಷ ತುಂಬಿದರೂ ನನ್ನ ಮಗಳ ಅಂಗಾಲು ಬೆಣ್ಣೆಯಷ್ಟು ಮೆತ್ತಗಿತ್ತು. ನೋಡಿದವರೆಲ್ಲ ಮುಟ್ಟಿ ಮುಟ್ಟಿ ಹೊಗಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನೆಲಕ್ಕೆ ಬಿಟ್ಟರೆ ತಾನೇ ಅಂಗಾಲು ಗಟ್ಟಿಯಾಗುವುದು?

ಹುಟ್ಟುವಾಗಲೇ ಅವಳ ಹೃದಯದಲ್ಲಿ ತೂತಿತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಗಾಯ ಮಾಗಿ, ಕೊನೆಯ ತಪಾಸಣೆಯೂ ಮುಗಿದ ಮೇಲೆ ಡಾಕ್ಟರು, "ಇನ್ನು ಇವಳು ಎಲ್ಲ ಮಕ್ಕಳ ಥರಾನೇ. ಓಡ್ಲಿ, ಕುಣೀಲಿ, ತಡೀಬೇಡಿ" ಎಂದರು. ಆ ಮಾತನ್ನು ಕೊಳ್ಳೇಗಾಲದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜಪಿಸುತ್ತ ಬಂದೆ. ನಾನು ಹೊಸಿಲು ದಾಟಿದ್ದೇ ತಡ, ಅತ್ತೆ ಮಗುವನ್ನು ಕಸಿದು ಸೊಂಟಕ್ಕೇರಿಸಿಕೊಂಡರು. ಆಮೇಲೆ ಇಳಿಸಲೇ ಇಲ್ಲ.

"ಕೆಳುಕ್ಕೆ ಬಿಡಬ್ಯಾಡ ಕಣಮ್ಮಿ, ಎದೆ ಒಲಿಗೆ ಬಿಚ್ಕತದೆ."

"ಅದೇನು ನಾನು ಹಾಕಿದ ಹೊಲಿಗೆನಾ ಅತ್ತೆ, ಬಿಚ್ಚಿಕೊಳ್ಳೋಕೆ?" ಎಂದರೆ ನನ್ನದು ಬಾಯಿ ಜೋರಂತೆ.

ನನ್ನದು ಬಾಯಿ ಜೋರು ಹೌದು. ನನ್ನ ತವರು ಹನೂರು, ಅಪ್ಪ ಟೈಲರು. ಗಂಡನ ಮನೆಯವರು ತಲೆತಲಾಂತರದಿಂದ ರೇಷ್ಮೆ ಸೀರೆ ನೇಯುವವರು. "ನಾವು ನೇಯೋರು, ಇವ್ಳು ಕತ್ರಿಸೋಳು" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ತಮಾಷೆಗೇ ಹೇಳುತ್ತಿದ್ದರು ಎಂದು ನನ್ನ ಗಂಡನ ನಂಬಿಕೆ.

ಆಪರೇಷನ್ನಿಗೆ ಮುಂಚೆ ಅತ್ತೆ ಮಾದಪ್ಪನಿಗೆ ಹರಕೆ ಹೊತ್ತಿದ್ದರು. ಮಗು ಉಳಿದರೆ ಐದು ವರ್ಷ ತುಂಬುವವರೆಗೆ ಮೈಗೆ ಹೊಸ ಬಟ್ಟೆ ಸೋಕಿಸುವುದಿಲ್ಲ, ಬೇರೆಯವರ ಮನೆಯಲ್ಲಿ ಬೇಡಿ ತಂದ ಹಳೇ ಬಟ್ಟೆಯನ್ನೇ ತೊಡಿಸುತ್ತೇನೆ ಎಂದು. ಯಾರಿಗೂ ಬೇಡವಾದ ಕೂಸಿನ ಹಾಗೆ ಕಂಡರೆ ಸಾವು ಕೂಡ ತಿರುಗಿ ನೋಡುವುದಿಲ್ಲವಂತೆ. ಹಾಗಾಗಿ ರೇಷ್ಮೆ ನೇಯುವ ಮನೆಯ ಮಗು ಕಂಡವರ ಮಕ್ಕಳ ಬಣ್ಣಗೆಟ್ಟ ಫ್ರಾಕು ತೊಡುತ್ತಿತ್ತು. ಅದಕ್ಕೆ ನಾನು ತಕರಾರು ಎತ್ತಲಿಲ್ಲ. ಹಳೇ ಬಟ್ಟೆ ಮಗುವಿನ ಮೈಗೆ ಮೆತ್ತಗೇ ಇರುತ್ತದೆ. ಸೊಂಟ ಬಿಟ್ಟು ಇಳಿಸದಿರುವುದನ್ನು ಮಾತ್ರ ಸಹಿಸಲು ಆಗುತ್ತಿರಲಿಲ್ಲ.

ಟೀವಿಯಲ್ಲಿ ಹಾರುವ ಹುಡುಗಿಯೊಬ್ಬಳು ಬರುತ್ತಿದ್ದಳು. ಎದೆಯ ಮೇಲೆ ನಕ್ಷತ್ರ, ಬೆನ್ನ ಮೇಲೆ ಪಟಪಟ ಬಡಿದುಕೊಳ್ಳುವ ಕೆಂಪು ಬಟ್ಟೆ. ಅವಳು ಬಂದಳೆಂದರೆ ನನ್ನ ಮಗಳು ಅಜ್ಜಿಯ ಸೊಂಟದಿಂದಲೇ ಕೈ ಮುಂದಕ್ಕೆ ಚಾಚಿ, "ನಂಗೂ ಎಕ್ಕೆ, ನಂಗೂ ಎಕ್ಕೆ" ಎನ್ನುವಳು. ಎಕ್ಕೆ ಅಂದರೆ ರೆಕ್ಕೆ. ಒಮ್ಮೆ ಟವೆಲು ಕಟ್ಟಿ ಕೆಳಗೆ ಬಿಟ್ಟೆ. ಗೋಡೆಯವರೆಗೆ ಓಡಿ ಕೇಕೆ ಹಾಕಿ ನಕ್ಕಳು. ಅತ್ತೆ ಓಡಿಬಂದು ಮಗುವನ್ನೂ ಎತ್ತಿಕೊಂಡರು, ಟವೆಲನ್ನೂ ಕಿತ್ತುಕೊಂಡರು. ಮಗು ಅತ್ತ ಅಳುವಿಗೆ ಒಳಗೆ ಗಂಡನ ಕೈಮಗ್ಗ ನಿಂತಿತು. ಅವತ್ತೇ ನಿರ್ಧಾರ ಮಾಡಿದೆ. ಇವಳಿಗೆ ಆ ಡ್ರೆಸ್ಸು ಹೊಲಿದೇ ಹೊಲಿಯುತ್ತೇನೆ, ತೊಡಿಸಿ ಬೀದಿಗೇ ಬಿಡುತ್ತೇನೆ.

ಪೇಟೆಯಿಂದ ಕೆಂಪು ಸ್ಯಾಟಿನ್ ತಂದೆ. ಅತ್ತೆ ಅದನ್ನು ಮುಟ್ಟಿಯೂ ನೋಡಲಿಲ್ಲ.

"ಒಸಾ ಬಟ್ಟೆ ಇಕ್ಕುಸ್ಬುಟ್ಟೀಯ, ಉಸಾರು! ಮಾದಪ್ಪುನ್ ಮುಂದೆ ಏಳ್ಕಂಡಿವ್ನಿ."

ಗಂಡನ ಮುಖ ನೋಡಿದೆ. ಅವರು ಮಗ್ಗದ ಲಾಳಿಯ ಮುಖ ನೋಡಿದರು. ಆಯಿತು, ನೀವು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂದುಕೊಂಡು ಸ್ಯಾಟಿನ್ ಎತ್ತಿಟ್ಟೆ. ಮಾರನೆಯ ದಿನ ಸೆರಗೊಡ್ಡಿ ಬೀದಿಗಿಳಿದೆ.

ಕೂಸಿನ ಹರಕೆಗೆ ಹಳೇ ಬಟ್ಟೆ ಬೇಡಿದರೆ ನಮ್ಮ ಬೀದಿಯಲ್ಲಿ ಯಾರೂ ಇಲ್ಲ ಎನ್ನುವಂತಿಲ್ಲ, ಅದು ರೂಢಿ. ಒಬ್ಬರು ಮಗಳ ಹಳೇ ಯೂನಿಫಾರಮ್ಮಿನ ನೀಲಿ ಲಂಗ ಕೊಟ್ಟರು. ಇನ್ನೊಬ್ಬರು ಹಳದಿ ರವಿಕೆ. ಜೊತೆಗೆ "ಪಾಪ, ಬಡ ಜೀವ" ಎಂಬ ಮಾತು ಪುಕ್ಕಟೆ. ಜೀವ ಬಡವಾಗಿಲ್ಲ ಕಣ್ರಿ, ನೀವು ಮಾಡ್ತಾ ಇದ್ದೀರಿ ಎಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ, ಬಟ್ಟೆ ಬೇಕಿತ್ತಲ್ಲ.

ಮಗು ಮಲಗಿದ ಮಧ್ಯಾಹ್ನಗಳಲ್ಲಿ ಹೊಲಿದೆ. ಲಂಗ ಬಿಚ್ಚಿ, ಬಣ್ಣ ಮಾಸದ ಒಳಮೈಯನ್ನು ಹೊರಗೆ ಮಾಡಿ ಅಂಗಿ ಕತ್ತರಿಸಿದೆ. ಸೊಂಟಕ್ಕೆ ಎಲಾಸ್ಟಿಕ್, ಒಳಗೆ ಸವೆದ ಪಂಚೆಯ ಲೈನಿಂಗ್. ಹಳದಿ ರವಿಕೆಯಲ್ಲಿ ನಕ್ಷತ್ರ ಕತ್ತರಿಸಿ ಎದೆಗೆ ಕೂರಿಸಿದೆ. ಕುತ್ತಿಗೆ ಮಾತ್ರ ಬೇಕೆಂದೇ ಅಗಲ ಇಟ್ಟೆ. ಅತ್ತೆ ಹಿಂದೆ ಬಂದು ನಿಂತರು.

"ಗಾಯದ್ ಗುರ್ತು ಕಾಣ್ತದಲ್ಲಮ್ಮಿ."

"ಕಾಣ್ಲಿ ಅಂತಲೇ ಇಟ್ಟಿರೋದು. ಅವಳೇನು ಕದ್ದು ತಂದಿದ್ದಾ ಅದನ್ನ?"

ಉಳಿದದ್ದು ರೆಕ್ಕೆ. ಕೆಂಪು ಬಟ್ಟೆ ಯಾರ ಮನೆಯಲ್ಲೂ ಸಿಕ್ಕಿರಲಿಲ್ಲ. ಕೊನೆಗೆ ನಮ್ಮ ಮನೆಯ ಹೊಸಿಲಾಚೆಯೇ ನಿಂತು ಸೆರಗೊಡ್ಡಿದೆ.

"ಕೂಸಿನ ಹರಕೆಗೆ ಬೇಡೋಕೆ ಬಂದಿದ್ದೀನಿ. ಒಂದು ಹಳೇ ಕೆಂಪು ಬಟ್ಟೆ ಕೊಡಿ ಅತ್ತೆ."

ಅತ್ತೆಯ ಮುಖ ಕೆಂಡವಾಯಿತು. ಇಲ್ಲ ಎನ್ನುವಂತಿಲ್ಲ, ಹರಕೆ ಅವರದೇ. ದಡದಡ ಒಳಗೆ ಹೋಗಿ ತಮ್ಮ ಧಾರೆ ಸೀರೆಯನ್ನೇ ತಂದು ನನ್ನ ಸೆರಗಿಗೆ ಎಸೆದರು. ಅವರ ಮಾವನೇ ನೇಯ್ದ ಸೀರೆ. ಮಡಿಕೆಯುದ್ದಕ್ಕೂ ರೇಷ್ಮೆ ಬಿರಿದಿತ್ತು, ಬಣ್ಣ ಮಾತ್ರ ಹಾಗೇ ಇತ್ತು.

"ತಕ್ಕ. ಇದೂ ಅಳೇದೇಯ. ಧೈರ್ಯ ಇದ್ರೆ ಕತ್ರಿ ಆಕು, ನೋಡ್ತೀನಿ."

ಈ ಮನೆಯಲ್ಲಿ ಸೀರೆಯನ್ನು ಮಗ್ಗದಿಂದ ಇಳಿಸುವಾಗ ಒಮ್ಮೆ ಕೊಯ್ಯುತ್ತಾರೆ, ಮತ್ತೆ ಅದಕ್ಕೆ ಕತ್ತರಿ ತಾಗಬಾರದು. ಹರಿದರೆ ತೊಟ್ಟಿಲಿಗೆ ಕಟ್ಟುತ್ತಾರೆ, ತೀರಾ ಹಳತಾದರೆ ಹೊಳೆಗೆ ಬಿಡುತ್ತಾರೆ. ಇದು ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ನಾನು ಹೆದರಿ ಮಡಚಿ ವಾಪಸು ಕೊಡುತ್ತೇನೆ ಎಂದು ಕಾದು ನಿಂತರು. ನನಗೆ ಭಯವಾಗಲಿಲ್ಲ ಎಂದರೆ ಸುಳ್ಳು. ಸೀರೆಯನ್ನು ನೆಲಕ್ಕೆ ಹಾಸಿ, ಬಿರುಕಿಲ್ಲದ ಜಾಗ ಹುಡುಕಿ, ಕತ್ತರಿ ಹಾಕಿದೆ.

ಒಳಗೆ ಮಗ್ಗ ನಿಂತಿತು. ಗಂಡ ಬಂದು ನೋಡಿ, ಮತ್ತೆ ಮಗ್ಗಕ್ಕೇ ಹೋದರು. ಅತ್ತೆ ಅಲ್ಲೇ ಕಂಬಕ್ಕೆ ಒರಗಿ ಕುಳಿತುಬಿಟ್ಟರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ರೆಕ್ಕೆಗೆ ದಾರ ಕಟ್ಟದೆ ವೆಲ್ಕ್ರೋ ಹಚ್ಚಿದೆ, ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯದೆ ಕಳಚಿಕೊಳ್ಳಲಿ ಎಂದು. ಅದನ್ನು ಅತ್ತೆಗೆ ಕಾಣುವಂತೆ ಮೂರ್ನಾಲ್ಕು ಸಲ ಎಳೆದು ತೋರಿಸಿದೆ. ಅವರು ನೋಡದವರ ಹಾಗೆ ನೋಡಿದರು.

ಸಂಜೆ ಮಗಳಿಗೆ ತೊಡಿಸಿ ಜಗಲಿಯ ಮೇಲೆ ನಿಲ್ಲಿಸಿದೆ. ನೀಲಿ ಅಂಗಿ, ಹಳದಿ ನಕ್ಷತ್ರ, ಅದರ ಮೇಲೆ ಇಣುಕುವ ಗಾಯದ ಗೆರೆ, ಬೆನ್ನಿಗೆ ಅಜ್ಜಿಯ ಸೀರೆ. ಬೀದಿಯ ಹೆಂಗಸರು ನೆರೆದರು. ಅವಳು ತನ್ನ ರೆಕ್ಕೆ ತಿರುಗಿ ನೋಡಿಕೊಂಡಳು. ಕೈ ಮುಂದಕ್ಕೆ ಚಾಚಿದಳು. ಅತ್ತೆ ಎದ್ದು ಬರುವಷ್ಟರಲ್ಲಿ ಹಾರಿಯೇಬಿಟ್ಟಳು.

ದೊಪ್ಪನೆ ಬಿದ್ದಳು. ಮಂಡಿ ತರಚಿತು, ರಕ್ತ ಬಂತು.

"ಅಯ್ಯೋ, ಕೊಂದಾಕ್ಬುಟ್ಟಲ್ಲೇ ನನ್ ಕೂಸ!" ಎಂದು ಅತ್ತೆ ಎತ್ತಿಕೊಳ್ಳಲು ಬಗ್ಗಿದರು. ನಾನು ಅವರ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಮುಟ್ಟಬೇಡಿ. ಬೀಳ್ಲಿ ಅಂತಲೇ ಅಲ್ವಾ ಅತ್ತೆ ನಾವು ಇವಳನ್ನ ಉಳಿಸಿಕೊಂಡಿದ್ದು?"

ಅವರು ಕೈ ಕೊಸರಿದರು. ನಾನು ಬಿಡಲಿಲ್ಲ. ಮಗಳು ಕುಳಿತೇ ಮಂಡಿ ನೋಡಿಕೊಂಡಳು. ತುಟಿ ಸೊಟ್ಟ ಮಾಡಿದಳು. ನಮ್ಮಿಬ್ಬರನ್ನೂ ನೋಡಿದಳು. ಯಾರೂ ಬರುವುದಿಲ್ಲ ಎಂದು ಗೊತ್ತಾದಾಗ ಎರಡೂ ಕೈ ನೆಲಕ್ಕೂರಿ ಎದ್ದಳು. ಮತ್ತೆ ಹಾರಲು ಜಗಲಿಯ ಮೆಟ್ಟಿಲು ಹತ್ತತೊಡಗಿದಳು.

ಒಬ್ಬ ಹೆಂಗಸು ಅಡ್ಡ ಬಂದು ಅವಳನ್ನು ಎತ್ತಿಕೊಳ್ಳಲು ಕೈ ಚಾಚಿದಳು. ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಗದರಿದರು:

"ಸರ್ಕಳಮ್ಮಿ ಅತ್ಲಾಗೆ! ಕೂಸು ಆರ್ತದೆ."